ಉಂಡ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅನ್ನವಿಕ್ಕಿದವನ ಮನೆಯಲ್ಲಿ ಕುಳಿತು, ಅವನ ಮಾಳಿಗೆಯ ಮರವು ಗಟ್ಟಿಯೋ ಹುಳುಕೋ ಎಂದು ಲೆಕ್ಕ ಹಾಕುವವನು ಕೃತಘ್ನನೆಂಬುದು ಈ ಮಾತಿನ ತಾತ್ಪರ್ಯ. ಬಹುಮಂದಿಗೆ ಈ ನಿಯಮವನ್ನು ಪಾಲಿಸುವುದು ಕಷ್ಟವಲ್ಲ. ಉಂಡು, ಕೈತೊಳೆದು, ಎರಡು ಒಳ್ಳೆಯ ಮಾತನಾಡಿ ಎದ್ದುಬಂದರೆ ತೀರಿತು. ಆದರೆ ಜಂತೆಯನ್ನು ಎಣಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡವರೂ ಲೋಕದಲ್ಲಿ ಕೆಲವರುಂಟು. ಯೂರೋಪಿನ ದ್ರಾಕ್ಷಾಮದ್ಯದ ಮೇಳಗಳಿಗೂ ತೋಟಗಳಿಗೂ ನೆಲಮಾಳಿಗೆಗಳಿಗೂ ಹೋಗಿ, ಅಲ್ಲಿ ತಯಾರಾಗುವ ವೈನನ್ನು ರುಚಿನೋಡಿ, ಅದರ ಗುಣದೋಷಗಳನ್ನು ಪತ್ರಿಕೆಗಳಲ್ಲಿ ಬರೆಯುವ ಲೇಖಕರು ಈ ಪಂಗಡದವರು. ಪಾನವು ಸಾಧುವೋ ಅಸಾಧುವೋ ಎಂಬ ಚರ್ಚೆಗೆ ಇದು ಸ್ಥಳವಲ್ಲ. ವೈನನ್ನು ಎಂದೂ ಮುಟ್ಟದ ಮನೆಯವರಿಗೂ ಈ ಲೇಖಕರ ಇಕ್ಕಟ್ಟು ಯೋಚನಾರ್ಹವಾದುದು. ಆತಿಥ್ಯದ ಋಣವೂ ಸತ್ಯದ ಋಣವೂ ಒಂದೇ ನಾಲಗೆಯ ಮೇಲೆ ಬಂದು ಕೂಡುವುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ವಿರಳ.

ಇವರ ಕೆಲಸದ ರೀತಿಯನ್ನು ಮೊದಲು ತಿಳಿಯಬೇಕು. ಇಟಲಿಯ ವೆರೋನಾ ಪಟ್ಟಣದಲ್ಲಿ 1967ರಲ್ಲಿ ಆರಂಭವಾಗಿ ಈಗ ‘ವಿನಿಟಲಿ’ ಎಂದು ಪ್ರಸಿದ್ಧವಾಗಿರುವ ಮೇಳವುಂಟು; ಜರ್ಮನಿಯ ಡ್ಯೂಸೆಲ್ಡಾರ್ಫಿನಲ್ಲಿ 1994ರಿಂದ ನಡೆದುಬಂದ ‘ಪ್ರೋವೈನ್’ ಎಂಬುದುಂಟು. ಒಂದೊಂದು ಮೇಳಕ್ಕೂ ಸಾವಿರಾರು ಮಂದಿ ಉತ್ಪಾದಕರು ತಮ್ಮ ಸೀಸೆಗಳೊಡನೆ ಬಂದು ಸೇರುತ್ತಾರೆ. ಲೇಖಕನು ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಹಿಡಿದು ಕಟ್ಟೆಯಿಂದ ಕಟ್ಟೆಗೆ ನಡೆಯುತ್ತಾನೆ. ಬಟ್ಟಲನ್ನು ಆಡಿಸಿ, ಮೂಸಿ, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ, ಪೀಕದಾನಿಗೆ ಉಗುಳುತ್ತಾನೆ. ದಿನಕ್ಕೆ ನೂರು ಬಗೆಯನ್ನು ನೋಡುವವರೂ ಇದ್ದಾರೆ. ಉಗುಳದೆ ನುಂಗಿದರೆ ಮಧ್ಯಾಹ್ನದೊಳಗೆ ತೀರ್ಪೂ ಇಲ್ಲ, ತೀರ್ಪುಗಾರನೂ ಇಲ್ಲ. ಉಗುಳಿದರೂ ಕೆಂಪು ವೈನಿನ ಒಗರು ನಾಲಗೆಯನ್ನು ಒಣಗಿಸದೆ ಬಿಡುವುದಿಲ್ಲ. ಇಷ್ಟು ಸಾಲದೆಂಬಂತೆ, ಕಟ್ಟೆಯ ಆಚೆ ನಿಂತು ಸುರಿಯುವವನು ಅನೇಕ ವೇಳೆ ಆ ವೈನನ್ನು ಮಾಡಿದವನೇ. ಅವನ ಕಣ್ಣು ಸೀಸೆಯ ಮೇಲಿರುವುದಿಲ್ಲ, ರುಚಿನೋಡುವವನ ಮುಖದ ಮೇಲಿರುತ್ತದೆ. ವರ್ಷವಿಡೀ ದುಡಿದವನೊಬ್ಬನು ಹೀಗೆ ಮುಖವನ್ನೇ ನೋಡುತ್ತಿರಲು, ಹುಬ್ಬು ಗಂಟಿಕ್ಕುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ಮೇಳದಲ್ಲಿ ಇಷ್ಟಾದರೆ, ತೋಟದ ಮನೆಗೆ ಹೋದಾಗ ಋಣವು ಇನ್ನೂ ಭಾರವಾಗುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಪ್ರತಿ ವಸಂತದಲ್ಲಿಯೂ ವರ್ತಕರೂ ಲೇಖಕರೂ ನೆರೆದು, ಹಿಂದಿನ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿಯ ವೈನನ್ನು ಪೀಪಾಯಿಯಲ್ಲಿರುವಾಗಲೇ ರುಚಿನೋಡುತ್ತಾರೆ. ಅದು ಸೀಸೆಗೆ ಇಳಿಯುವುದಕ್ಕೆ ಇನ್ನೂ ಒಂದು ವರ್ಷಕ್ಕೆ ಮೇಲ್ಪಟ್ಟು ಕಾಲವಿರುತ್ತದೆ. ಆದರೂ ಮಾರಾಟವು ಆಗಲೇ ಪ್ರಾರಂಭವಾಗುತ್ತದೆ. ಪರೀಕ್ಷೆಗೆ ಕೊಡುವ ಮಾದರಿಯನ್ನು ತೆಗೆದುಕೊಡುವವನು ಒಡೆಯನೇ. ಮಧ್ಯಾಹ್ನ ಅವನ ಅರಮನೆಯಂಥ ಮನೆಯಲ್ಲಿ ಭೋಜನ. ಆ ಭೋಜನದಲ್ಲಿ ಹಳೆಯ, ಅಪರೂಪವಾದ ಸೀಸೆಯೊಂದು ತೆರೆಯುವುದೂ ಉಂಟು. ಉಂಡು ಬಂದವನು ಅಂದೇ ರಾತ್ರಿ ಕುಳಿತು ಅಂಕಗಳನ್ನು ಬರೆಯಬೇಕು.

ಆ ಅಂಕಗಳು ಬರಿಯ ಮಾತಲ್ಲ. ಅಮೆರಿಕದ ಮೇರಿಲೆಂಡ್ ಸಂಸ್ಥಾನದ ವಕೀಲ ರಾಬರ್ಟ್ ಪಾರ್ಕರನು 1978ರಲ್ಲಿ ‘ದಿ ವೈನ್ ಅಡ್ವೊಕೇಟ್’ ಎಂಬ ಪತ್ರಿಕೆಯನ್ನು ಹೊರಡಿಸಿ, ನೂರಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಯನ್ನು ಪ್ರಸಿದ್ಧಿಗೆ ತಂದನು. 2003ರ ವಸಂತದಲ್ಲಿ ಆತನು ಎಂದಿನಂತೆ ಬೋರ್ಡೋಗೆ ಹೋಗಲಿಲ್ಲ. ಅವನ ಅಂಕಗಳಿಲ್ಲದೆಯೇ ಆ ಸಲ ಬೆಲೆಗಳು ಗೊತ್ತಾದುವು. ಈ ವ್ಯತ್ಯಾಸವನ್ನು ಆಧಾರ ಮಾಡಿಕೊಂಡು ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕಮಾಡಿ, ಅವನ ಅಂಕಗಳ ಪ್ರಭಾವವು ಸೀಸೆಯೊಂದಕ್ಕೆ ಸುಮಾರು 3 ಯೂರೋಗಳಷ್ಟೆಂದು 2008ರಲ್ಲಿ ಪ್ರಕಟಿಸಿದರು. ಒಬ್ಬನ ನಾಲಗೆಯಿಂದ ಹುಟ್ಟುವ ಈ ಹಣವನ್ನು ತೆರುವವರು ಯಾರು? ಎಲ್ಲಿಯೋ ದೂರದ ಊರಿನಲ್ಲಿ ಪತ್ರಿಕೆಯನ್ನು ನಂಬಿ ಕೊಳ್ಳುವ ಗೃಹಸ್ಥರು. ಅವರು ಆ ಭೋಜನದ ಪಂಕ್ತಿಯಲ್ಲಿ ಇರಲಿಲ್ಲ. ಅವರ ಮುಖವನ್ನು ಲೇಖಕನು ಕಂಡವನೇ ಅಲ್ಲ. ಇಲ್ಲಿನ ಧರ್ಮಸೂಕ್ಷ್ಮವೆಲ್ಲ ಈ ಅಸಮತೆಯಲ್ಲಿದೆ. ಋಣವು ಇಬ್ಬರಿಗೂ ಉಂಟು. ಆದರೆ ಒಬ್ಬನು ಎದುರಿಗೆ ಕುಳಿತು ಬಡಿಸುತ್ತಿದ್ದಾನೆ, ಇನ್ನೊಬ್ಬನು ಕಣ್ಣಿಗೆ ಬೀಳುವುದೇ ಇಲ್ಲ.

ರುಚಿಯ ವಿಷಯದಲ್ಲಿ ತೀರ್ಪೆಂಬುದು ಸಾಧ್ಯವೇ ಎಂದು ಮೊದಲೇ ಸಂದೇಹಪಡುವವರಿದ್ದಾರೆ. ಈ ಸಂದೇಹವನ್ನು ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು 1757ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ವಿಚಾರಿಸಿ, ದೃಷ್ಟಾಂತಕ್ಕೆ ವೈನಿನ ಕಥೆಯನ್ನೇ ತೆಗೆದುಕೊಂಡನು. ಕಥೆಯು ‘ಡಾನ್ ಕ್ವಿಕ್ಸೋಟ್’ ಗ್ರಂಥದ ಎರಡನೆಯ ಭಾಗದ್ದು. ಸಾಂಚೋ ಪಾಂಜಾನ ವಂಶದ ಇಬ್ಬರಿಗೆ ಒಂದು ಪೀಪಾಯಿಯ ವೈನನ್ನು ಪರೀಕ್ಷೆಗೆ ಕೊಟ್ಟರಂತೆ. ಒಬ್ಬನು ಕಬ್ಬಿಣದ ರುಚಿಯಿದೆಯೆಂದನು. ಇನ್ನೊಬ್ಬನು ಚರ್ಮದ ರುಚಿಯಿದೆಯೆಂದನು. ಪೀಪಾಯಿ ಬರಿದಾದ ಮೇಲೆ ನೋಡಿದರೆ, ತಳದಲ್ಲಿ ಚರ್ಮದ ಪಟ್ಟಿಗೆ ಕಟ್ಟಿದ್ದ ಪುಟ್ಟ ಬೀಗದಕೈ! ರುಚಿಯು ಬರಿಯ ಮನಸ್ಸಿನ ತರಂಗವಾಗದೆ ವಸ್ತುವಿನಲ್ಲಿಯೂ ಅದಕ್ಕೆ ಆಧಾರವಿರುತ್ತದೆ, ಸೂಕ್ಷ್ಮವಾದ ನಾಲಗೆಯು ಅದನ್ನು ಹಿಡಿಯಬಲ್ಲದು ಎಂಬುದಕ್ಕೆ ಹ್ಯೂಮನು ಈ ಕಥೆಯನ್ನು ಬಳಸಿದನು. ಆದರೆ ಮೂಲಕಥೆಯಲ್ಲಿ ಅವನು ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಪೀಪಾಯಿಯ ಒಡೆಯನು ಮುಂದೆ ಬಂದು, ತನ್ನ ಪೀಪಾಯಿ ಶುದ್ಧವಾದದ್ದು, ಅದರಲ್ಲಿ ಕಬ್ಬಿಣವೂ ಇಲ್ಲ, ಚರ್ಮವೂ ಇಲ್ಲವೆಂದು ಸಾಧಿಸಿದನು. ಆದರೂ ಇಬ್ಬರು ಪರೀಕ್ಷಕರು ತಮ್ಮ ಮಾತನ್ನು ಬಿಡಲಿಲ್ಲ. ಹಾಗಾದರೆ ಅವರ ಹೆಚ್ಚುಗಾರಿಕೆಯು ನಾಲಗೆಯ ಸೂಕ್ಷ್ಮತೆಯೊಂದರಲ್ಲಿ ಮಾತ್ರ ಇತ್ತೆ? ಒಡೆಯನ ಎದುರಿನಲ್ಲಿ ಒಡೆಯನ ವೈನನ್ನು ಕುಡಿದು, ಒಡೆಯನ ಮಾತಿಗೆ ಒಪ್ಪದಿರುವುದು ನಾಲಗೆಯಿಂದ ಆಗುವ ಕೆಲಸವಲ್ಲ.

ಒಳ್ಳೆಯ ತೀರ್ಪುಗಾರನಿಗೆ ಹ್ಯೂಮನು ವಿಧಿಸುವ ಲಕ್ಷಣಗಳು ಐದು: ಬಲವಾದ ವಿವೇಕ, ನವುರಾದ ಸಂವೇದನೆ, ದೀರ್ಘಾಭ್ಯಾಸ, ಒಂದನ್ನೊಂದರೊಡನೆ ಹೋಲಿಸಿದ ಅನುಭವ, ಪೂರ್ವಗ್ರಹದಿಂದ ಬಿಡುಗಡೆ. ಕಾಗದದ ಮೇಲೆ ಈ ಐದೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ವೈನಿನ ವಿಷಯದಲ್ಲಿ ಅಭ್ಯಾಸವು ದೊರೆಯುವುದು ಎಲ್ಲಿ? ನೆಲಮಾಳಿಗೆಗಳಲ್ಲಿ, ಮಾಡಿದವನ ಪಕ್ಕದಲ್ಲಿ ನಿಂತು. ವರ್ಷವರ್ಷವೂ ಅದೇ ಮನೆಗೆ ಹೋಗಿ, ಅದೇ ತೋಟದ ವೈನನ್ನು ಎಳೆಯದರಲ್ಲಿಯೂ ಬಲಿತ ಮೇಲೂ ನೋಡಿದವನಿಗೇ ಅದರ ಮರ್ಮವು ತಿಳಿಯುವುದು. ಹಾಗೆ ಇಪ್ಪತ್ತು ವರ್ಷ ಹೋದವನು ಆ ಮನೆಯ ಮಕ್ಕಳ ಹೆಸರನ್ನು ಬಲ್ಲವನಾಗುತ್ತಾನೆ. ಮೂರನೆಯ ಲಕ್ಷಣವನ್ನು ಸಂಪಾದಿಸುವ ದಾರಿಯಲ್ಲಿಯೇ ಐದನೆಯದು ಕೈಜಾರಿ ಬೀಳುತ್ತದೆ.

ಇದಕ್ಕೆ ಪರಿಹಾರವೆಂದು ಕೆಲವರು ಹೆಸರು ಮುಚ್ಚಿದ ಪರೀಕ್ಷೆಯನ್ನು ಸೂಚಿಸುತ್ತಾರೆ. ಸೀಸೆಗೆ ಚೀಲ ತೊಡಿಸಿಟ್ಟರೆ ಮುಖವೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಇದರ ಮಹಿಮೆಯು 1976ನೆಯ ಮೇ 24ರಂದು ಪ್ಯಾರಿಸಿನಲ್ಲಿ ಪ್ರಕಟವಾಯಿತು. ಆಂಗ್ಲ ವರ್ತಕನಾದ ಸ್ಟೀವನ್ ಸ್ಪರಿಯರನು ಏರ್ಪಡಿಸಿದ ಪರೀಕ್ಷೆಯಲ್ಲಿ ಒಂಬತ್ತು ಮಂದಿ ಫ್ರೆಂಚ್ ಪರೀಕ್ಷಕರು, ತಿಳಿಯದೆ, ಕೆಂಪಿನಲ್ಲಿಯೂ ಬಿಳಿಯದರಲ್ಲಿಯೂ ಕ್ಯಾಲಿಫೋರ್ನಿಯದ ವೈನಿಗೇ ಮೊದಲ ಸ್ಥಾನವನ್ನು ಕೊಟ್ಟರು. ಹೆಸರು ಕಾಣುತ್ತಿದ್ದರೆ ಹೀಗಾಗುತ್ತಿತ್ತೆಂದು ನಂಬುವವರು ವಿರಳ. ಆದರೆ ಮುಖವನ್ನು ಮುಚ್ಚಿದ ಮಾತ್ರಕ್ಕೆ ನಾಲಗೆಯು ನಿರ್ದುಷ್ಟವಾಗುವುದಿಲ್ಲ. ಬೋರ್ಡೋವಿನ ಸಂಶೋಧಕರು ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರಸಿ 54 ಮಂದಿ ವೈನುಶಾಸ್ತ್ರದ ವಿದ್ಯಾರ್ಥಿಗಳಿಗೆ ಕೊಡಲು, ಅವರು ಅದರ ಪರಿಮಳವನ್ನು ಕೆಂಪು ವೈನಿನ ಮಾತುಗಳಲ್ಲಿ ವರ್ಣಿಸಿದರು. ಈ ವಿಷಯವು 2001ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯದ ಪ್ರಾಂತೀಯ ಮೇಳದಲ್ಲಿ ಒಂದೇ ಸೀಸೆಯ ವೈನನ್ನು ಪರೀಕ್ಷಕರಿಗೆ ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್, ಮೂರು ಸಲವೂ ಹತ್ತಿರ ಹತ್ತಿರ ಅದೇ ತೀರ್ಪು ಕೊಟ್ಟವರು ನೂರಕ್ಕೆ ಹತ್ತು ಮಂದಿ ಮಾತ್ರವೆಂದು 2008ರಲ್ಲಿ ವರದಿ ಮಾಡಿದನು.

ಇನ್ನೂ ಒಂದು ಕೊರತೆಯಿದೆ. ಹೆಸರನ್ನು ಮುಚ್ಚಿದಾಗ ಪಕ್ಷಪಾತದೊಡನೆ ಜ್ಞಾನವೂ ಮುಚ್ಚಿಹೋಗುತ್ತದೆ. 2021ರ ಏಪ್ರಿಲಿನಲ್ಲಿ ಬರ್ಗಂಡಿ ಸೀಮೆಯಲ್ಲಿ ಹಿಮಗಟ್ಟಿದಾಗ ಕೃಷಿಕರು ರಾತ್ರಿಯೆಲ್ಲ ಸಾಲುಗಳ ನಡುವೆ ಮೇಣದ ದೀಪಗಳನ್ನು ಉರಿಸಿ ಚಿಗುರನ್ನು ಕಾಯ್ದರು. ಆದರೂ ಅನೇಕರ ಫಸಲಿನ ಬಹುಭಾಗವು ಹೋಯಿತು. ಆ ವರ್ಷದ ವೈನು ತೆಳುವಾಗಿದ್ದರೆ, ಅದು ಆಲಸ್ಯದ ಫಲವೋ ಆಕಾಶದ ಫಲವೋ ಎಂಬುದನ್ನು ಚೀಲ ತೊಟ್ಟ ಸೀಸೆಯು ಹೇಳಲಾರದು. ಅದನ್ನು ತಿಳಿಯಬೇಕಾದವನು ತೋಟಕ್ಕೆ ನಡೆದೇ ಹೋಗಬೇಕು.

ತನ್ನ ಖರ್ಚನ್ನು ತಾನೇ ತೆತ್ತುಕೊಳ್ಳುವುದು ಮತ್ತೊಂದು ಪರಿಹಾರ. ಪಾರ್ಕರನು ತನ್ನ ಪತ್ರಿಕೆಯಲ್ಲಿ ವೈನಿನ ಜಾಹಿರಾತುಗಳನ್ನು ತೆಗೆದುಕೊಳ್ಳದೆ, ಓದುಗರ ಚಂದಾ ಹಣದಿಂದಲೇ ಅದನ್ನು ನಡೆಯಿಸಿದುದು ಮೆಚ್ಚತಕ್ಕದ್ದೇ ಸರಿ. ಆದರೆ ಈ ಔಷಧವು ಸಿರಿವಂತನ ಮನೆಯಲ್ಲಿ ಫಲಿಸುವಂತೆ ಬಡವನ ಮನೆಯಲ್ಲಿ ಫಲಿಸುವುದಿಲ್ಲ. ದೊಡ್ಡ ಮನೆಯ ಔತಣದಲ್ಲಿ ಲೆಕ್ಕಾಚಾರವಿರುವುದು ಎಲ್ಲರಿಗೂ ಗೊತ್ತು. ಅದರ ಬೆಲೆಯನ್ನು ಹಣದಿಂದ ತೀರಿಸಬಹುದು, ಇಲ್ಲವೆ ಬೇಡವೆಂದು ತಳ್ಳಿಬಿಡಬಹುದು. ಬರ್ಗಂಡಿಯ ಹಳ್ಳಿಯೊಂದರಲ್ಲಿ ಐದಾರು ಪೀಪಾಯಿಗಳಷ್ಟೇ ಇರುವ ಸಣ್ಣ ಕೃಷಿಕನೊಬ್ಬನನ್ನು ಭಾವಿಸಿಕೊಳ್ಳಿರಿ. ಪೀಪಾಯಿಯೊಂದಕ್ಕೆ 228 ಲೀಟರು, ಎಂದರೆ ಸುಮಾರು ಮುನ್ನೂರು ಸೀಸೆ. ಅವನು ಗಾಜಿನ ಕೊಳವೆಯಿಂದ ಎತ್ತಿ ಬಟ್ಟಲಿಗೆ ಬಿಡುತ್ತಾನೆ. ರುಚಿನೋಡಿ ಉಳಿದುದನ್ನು ಚೆಲ್ಲದೆ ಪೀಪಾಯಿಗೇ ಹಿಂದಕ್ಕೆ ಸುರಿಯುವ ವಾಡಿಕೆ ಅಲ್ಲಿ ಉಂಟು. ಅಷ್ಟು ಮಿತವ್ಯಯದ ಮನೆಯಲ್ಲಿ, ಹೆಂಡತಿಯು ರೊಟ್ಟಿಯನ್ನೂ ಗಿಣ್ಣನ್ನೂ ತಂದಿಡುತ್ತಾಳೆ. ಅದಕ್ಕೆ ಹಣ ಕೊಡಹೋದರೆ ಅಪಮಾನ. ತಿಂದರೆ ಋಣ. ತಿಂದ ಮೇಲೆ, ವೈನು ಸಾಧಾರಣವೆಂದು ನಾಲಗೆಯು ಹೇಳಿದರೆ?

ಇಂಥಲ್ಲಿ ಲೇಖಕರು ಸುಳ್ಳು ಬರೆಯುತ್ತಾರೆಂದು ಆರೋಪಿಸುವುದು ಅನ್ಯಾಯ. ಬಹುಮಟ್ಟಿಗೆ ಅವರು ಮೌನವಹಿಸುತ್ತಾರೆ. ಚೆನ್ನಾಗಿದ್ದ ಮೂರನ್ನು ಬರೆದು, ಚೆನ್ನಾಗಿಲ್ಲದ ಎರಡನ್ನು ಬಿಟ್ಟುಬಿಡುತ್ತಾರೆ. ಇಲ್ಲವೆ ‘ಹಗುರಾದ, ಬೇಗ ಕುಡಿಯತಕ್ಕ’ ಎಂದು ನಯವಾದ ಮಾತನ್ನು ಹುಡುಕುತ್ತಾರೆ. ಈ ಮೌನವು ದಯೆಯಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಖರ್ಚಿನಲ್ಲಿ ಈ ದಯೆ? ಪರರ ಗಂಟಿನಿಂದ ಮಾಡಿದ ದಾನಕ್ಕೆ ಪುಣ್ಯವೆಷ್ಟೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅದೂ ಅಲ್ಲದೆ, ಅಂಥ ಮೌನವು ಪಕ್ಕದ ಮನೆಯ ಕೃಷಿಕನಿಗೂ ಅನ್ಯಾಯವನ್ನೇ ಮಾಡುತ್ತದೆ. ಅದೇ ಹಿಮವನ್ನು ಸಹಿಸಿ, ಕೆಟ್ಟ ಗೊಂಚಲುಗಳನ್ನು ಆರಿಸಿ ತೆಗೆದುಹಾಕಿ, ಇದ್ದ ಅಲ್ಪದರಲ್ಲಿಯೇ ಉತ್ತಮವಾದುದನ್ನು ಮಾಡಿದವನು ಅವನಾಗಿರಬಹುದು. ಎಲ್ಲರಿಗೂ ನಯವಾದ ಮಾತೇ ದೊರೆತರೆ ಅವನ ಶ್ರಮಕ್ಕೆ ಗುರುತೇ ಉಳಿಯದು. (ಗ್ರಂಥಕರ್ತನು ಕೈಯಾರೆ ತಂದುಕೊಟ್ಟ ಪುಸ್ತಕವನ್ನು ವಿಮರ್ಶಿಸುವವರಿಗೂ ಈ ಮಾತು ಸಲ್ಲುತ್ತದೆಯೆಂದು ವಾಚಕರಲ್ಲಿ ಕೆಲವರು ಈಗಾಗಲೇ ನಗುತ್ತಿರಬಹುದು.)

ಲೇಖಕನ ಕೆಲಸದಲ್ಲಿ ಎರಡು ಅಧಿಕಾರಗಳು ಬೆರೆತಿರುವುದೇ ಈ ತೊಡಕಿಗೆ ಮೂಲವೆಂದು ತೋರುತ್ತದೆ. ನ್ಯಾಯಾಧೀಶನು ಪಕ್ಷಗಾರನ ಮನೆಯಲ್ಲಿ ಉಣ್ಣಲಾಗದು. ಸಾಕ್ಷಿಗೆ ಆ ನಿರ್ಬಂಧವಿಲ್ಲ, ಅವನು ಆ ಮನೆಯಲ್ಲಿ ಇದ್ದುದರಿಂದಲೇ ಅವನ ಮಾತಿಗೆ ಬೆಲೆ. ಆದರೆ ಸಾಕ್ಷಿಯು ತಾನು ಎಲ್ಲಿ ನಿಂತು ಕಂಡೆನೆಂಬುದನ್ನೂ, ಆ ಮನೆಗೆ ತನ್ನ ಸಂಬಂಧವೇನೆಂಬುದನ್ನೂ ಮೊದಲು ಹೇಳಲೇಬೇಕು. ನೆಲಮಾಳಿಗೆಗೆ ಹೋದವನು ಸಾಕ್ಷಿಯಾಗಿ ಬರೆಯಲಿ. ಹಿಮವನ್ನೂ ದೀಪಗಳನ್ನೂ ರೊಟ್ಟಿಯನ್ನೂ, ವೈನು ತೆಳುವಾಗಿದ್ದುದನ್ನೂ ಬರೆಯಲಿ. ನೂರಕ್ಕೆ ಇಷ್ಟೆಂಬ ಅಂಕವನ್ನು ಮಾತ್ರ ಅಂದು ಕೊಡದಿರಲಿ. ಅಂಕ ಕೊಡಬೇಕಾದವನು ಬೇರೆ ದಿನ, ಬೇರೆ ಕಡೆ, ಹೆಸರು ಮುಚ್ಚಿ ಕೊಡಲಿ. ಹೀಗೆ ಬೇರ್ಪಡಿಸಿದರೂ ಕೃಷಿಕನಿಗೆ ನೋವು ತಪ್ಪುವುದಿಲ್ಲವೆಂದು ಆಕ್ಷೇಪಿಸಬಹುದು. ತಪ್ಪದು ನಿಜ. ಆದರೆ ಹಿಮದ ಸಂಗತಿಯನ್ನು ಬರೆದು ವೈನು ತೆಳುವೆಂದವನ ಮಾತು ಬೇರೆ, ಸೀಸೆಯನ್ನು ಮಾತ್ರ ನೋಡಿ 82 ಎಂದವನ ಮಾತು ಬೇರೆ. ಮೊದಲನೆಯದರಲ್ಲಿ ಅವನಿಗೆ ನ್ಯಾಯವೂ ದೊರೆಯಿತು, ಓದುಗನಿಗೆ ಸತ್ಯವೂ ದೊರೆಯಿತು.

ಪಕ್ಷಪಾತವನ್ನು ಅಡಗಿಸದೆ ಹೊರಗಿಟ್ಟರೆ ಅದರ ವಿಷವು ಎಷ್ಟು ಇಳಿಯುತ್ತದೆಂಬುದಕ್ಕೆ ಬರ್ಗಂಡಿಯಲ್ಲಿಯೇ ಒಂದು ನಿದರ್ಶನವಿದೆ. ಬೋನ್ ಪಟ್ಟಣದಲ್ಲಿ 1443ರಲ್ಲಿ ಡ್ಯೂಕನ ಮಂತ್ರಿಯಾದ ನಿಕೊಲಾ ರೊಲಾಂ ಬಡರೋಗಿಗಳಿಗಾಗಿ ಒಂದು ಆಸ್ಪತ್ರೆಯನ್ನು ಸ್ಥಾಪಿಸಿದನು. ದಾನಿಗಳು ಶತಮಾನಗಳುದ್ದಕ್ಕೂ ಅದಕ್ಕೆ ದ್ರಾಕ್ಷಿಯ ತೋಟಗಳನ್ನು ಬಿಟ್ಟುಕೊಟ್ಟರು. ಆ ತೋಟಗಳ ವೈನನ್ನು 1859ರಿಂದ ಹರಾಜಿನಲ್ಲಿ ಮಾರುವ ಪದ್ಧತಿ ಬಂದಿತು. ಅದು ಈಗ ನವೆಂಬರಿನ ಮೂರನೆಯ ಭಾನುವಾರ ನಡೆಯುತ್ತದೆ. ಕೊಯ್ದು ಕೆಲವೇ ವಾರಗಳಾದ ವೈನನ್ನು ಲೇಖಕರೂ ವರ್ತಕರೂ ರುಚಿನೋಡುತ್ತಾರೆ, ಬಳಿಕ ಪೀಪಾಯಿಗಳು ಹೊರಗಿನ ಬೆಲೆಯನ್ನು ಮೀರಿದ ಬೆಲೆಗೆ ಹೋಗುತ್ತವೆ. ಆ ಹೆಚ್ಚಿನ ಹಣವು ವೈನಿಗಲ್ಲ, ಆಸ್ಪತ್ರೆಗೆ ಎಂಬುದನ್ನು ಕೂಗುವವನೂ ಬಲ್ಲ, ಕೊಳ್ಳುವವನೂ ಬಲ್ಲ. ಮರುದಿನ ಪತ್ರಿಕೆಗೆ ಬರೆಯುವವನು ಬೆಲೆಯನ್ನು ಒಂದು ಸಾಲಿನಲ್ಲಿಯೂ ವೈನಿನ ಗುಣವನ್ನು ಮತ್ತೊಂದು ಸಾಲಿನಲ್ಲಿಯೂ ಬೇರೆಬೇರೆಯಾಗಿ ಬರೆಯಬಲ್ಲನು. ಹಾಗೆ ಬರೆದುದಕ್ಕೆ ಅಲ್ಲಿ ಯಾರೂ ಮುನಿಯುವುದಿಲ್ಲ.