ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ



ಬೆಟ್ಟ ಹತ್ತಿ ಬಂದಿದ್ದೀರಿ. ಮೊದಲು ಕೂತ್ಕೊಳ್ಳಿ, ನೀರು ಕುಡಿಯಿರಿ. ಮೇಣದಬತ್ತಿ ಆಮೇಲೆ ಹಚ್ಚಬಹುದು, ಮಾತೆ ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿಗೆ ಬರುವವರಲ್ಲಿ ಹರಕೆ ತೀರಿಸುವವರು ಇದ್ದಾರೆ. ಮಗಳ ಮದುವೆ, ಮಗನ ಕೆಲಸ, ಬ್ಯಾಂಕಿನ ಸಾಲ ಎಂದು ಬೇಡಿಕೊಳ್ಳುವವರು ಇದ್ದಾರೆ. ಇನ್ನು ಕೆಲವರಿಗೆ ಏನು ಬೇಡಬೇಕೆಂದೇ ತಿಳಿಯದು. ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಭಾರ. ಊಟ ಸೇರದು, ನಿದ್ದೆ ಬಾರದು, ಜಪಸರ ಕೈಗೆ ತೆಗೆದುಕೊಂಡರೂ ಮನಸ್ಸು ನಿಲ್ಲದು. ಈ ಪುಟಗಳು ಅಂಥವರಿಗಾಗಿ, ಅವರ ಕೈ ಹಿಡಿದು ಇಲ್ಲಿಗೆ ಕರೆತಂದವರಿಗಾಗಿ.

ಪ್ರವಾದಿ ಎಲೀಯನ ಹೆಸರು ಕೇಳಿದ್ದೀರಿ. ಕರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವತೆಯ 450 ಪ್ರವಾದಿಗಳ ಎದುರು ಒಬ್ಬನೇ ನಿಂತವನು. ಅವನ ಪ್ರಾರ್ಥನೆಗೆ ಆಕಾಶದಿಂದ ಬೆಂಕಿ ಇಳಿಯಿತು, ಬರಗಾಲದ ನಾಡಿಗೆ ಮಳೆಯೂ ಬಂತು. ಇದಕ್ಕಿಂತ ದೊಡ್ಡ ವಿಶ್ವಾಸ ಯಾರಲ್ಲಿ ಕಾಣಲಿಕ್ಕೆ ಸಾಧ್ಯ? ಆದರೆ ಅರಸುಗಳ ಮೊದಲನೆಯ ಗ್ರಂಥದ ಮುಂದಿನ ಅಧ್ಯಾಯ, 19ನೆಯದು, ತೆರೆದು ನೋಡಿ. ರಾಣಿ ಈಜೆಬೆಲ್ ಒಂದು ಬೆದರಿಕೆಯ ಮಾತು ಹೇಳಿ ಕಳುಹಿಸಿದಳು, ಅಷ್ಟೇ. ಬೆಂಕಿ ಇಳಿಸಿದ ಆ ಮನುಷ್ಯ ಜೀವ ಉಳಿಸಿಕೊಳ್ಳಲು ಓಡಿದ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಮರುಭೂಮಿಯೊಳಗೆ ನಡೆದು, ಒಂದು ಕುರುಚಲು ಗಿಡದ ಕೆಳಗೆ ಕುಸಿದು ಕುಳಿತ. ದೇವರೇ, ನನಗೆ ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂಬರ್ಥದಲ್ಲಿ ಬೇಡಿಕೊಂಡು ಮಲಗಿಬಿಟ್ಟ.

ಈಗ ಗಮನವಿಟ್ಟು ನೋಡಿ, ದೇವರು ಏನು ಮಾಡಿದರು? ಬೈದರಾ? ನೆನ್ನೆ ಮೊನ್ನೆ ಅದ್ಭುತ ನೋಡಿದವನು ನೀನು, ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಎಂದು ಕೇಳಿದರಾ? ಇಲ್ಲ. ಒಬ್ಬ ದೂತನನ್ನು ಕಳುಹಿಸಿದರು. ದೂತ ಮೈಮುಟ್ಟಿ ಎಬ್ಬಿಸಿದ. ತಲೆಯ ಬಳಿ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ಕುಡಿಕೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ದೂತ ಅದಕ್ಕೂ ಬೇಸರಪಡಲಿಲ್ಲ. ಮಲಗಲು ಬಿಟ್ಟು, ಎರಡನೆಯ ಸಲ ಬಂದು ಎಬ್ಬಿಸಿ, ದಾರಿ ದೂರ ಇದೆ, ನಿನ್ನ ಶಕ್ತಿಗೆ ಮೀರಿದ್ದು ಎಂದು ಹೇಳಿ ಮತ್ತೆ ತಿನ್ನಿಸಿದ. ಆ ರೊಟ್ಟಿಯ ಬಲದಿಂದ 40 ದಿನ 40 ರಾತ್ರಿ ನಡೆದು ಎಲೀಯ ದೇವರ ಬೆಟ್ಟವಾದ ಹೋರೇಬಿಗೆ ಬಂದ. ಉಪದೇಶಕ್ಕಿಂತ ಮೊದಲು ರೊಟ್ಟಿ, ನೀರು, ನಿದ್ದೆ. ದೇವರು ನಡೆಸಿದ ಆಪ್ತಸಲಹೆ ಶುರುವಾದದ್ದು ಹೀಗೆ.

ಇದನ್ನು ನಾನು ತಡವಾಗಿ ಕಲಿತೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ಒಬ್ಬ ತಾಯಿ ಬಂದು, "ಸ್ವಾಮ್ಯೋರೇ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಮತ್ತೆ ಕಣ್ಣು ಮುಚ್ಚಲ್ಲ. ಮಕ್ಕಳ ಮುಖ ನೋಡಿದ್ರೂ ಏನೂ ಅನ್ಸಲ್ಲ" ಎಂದರು. "ವಿಶ್ವಾಸ ಕಡಿಮೆಯಾಗಿದೆ ಅಮ್ಮ, ಒಂಬತ್ತು ದಿನ ನವೇನ ಮಾಡಿ" ಎಂದು ಹೇಳಿ ಗಡಿಯಾರ ನೋಡಿದೆ. ಬಲಿಪೂಜೆಗೆ ಹೊತ್ತಾಗಿತ್ತು. ಆಕೆ ಒಂಬತ್ತು ದಿನವೂ ತಪ್ಪದೆ ಬಂದರು. ಹತ್ತನೆಯ ದಿನ ಬಾಗಿಲಲ್ಲಿ ನಿಂತು, "ನವೇನ ಮುಗೀತು ಸ್ವಾಮ್ಯೋರೇ, ನಿದ್ದೆ ಬರ್ಲಿಲ್ಲ. ನಂಗೆ ವಿಶ್ವಾಸನೇ ಇಲ್ಲ ಅಂತ ಈಗ ಗೊತ್ತಾಯ್ತು" ಎಂದರು. ಆಕೆಯ ಭಾರದ ಮೇಲೆ ಇನ್ನೊಂದು ಕಲ್ಲು ಇಟ್ಟವನು ನಾನೇ. ನಮ್ಮ ಧರ್ಮಕೇಂದ್ರದ ನರ್ಸ್ ಸಿಸ್ಟರ್ ಒಬ್ಬರು ಆಕೆಯನ್ನು ಮರದ ಕೆಳಗೆ ಕೂರಿಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಬೆಳಿಗ್ಗೆ ಏನು ತಿಂದ್ರಿ?" ಆಮೇಲೆ ಒಂದೂವರೆ ಗಂಟೆ ಸುಮ್ಮನೆ ಕೇಳಿಸಿಕೊಂಡರು. ಮಾರನೆಯ ದಿನ ಜಿಲ್ಲಾ ಆಸ್ಪತ್ರೆಗೆ ತಾವೇ ಜೊತೆಯಲ್ಲಿ ಹೋದರು. ಮಾತ್ರೆಯೂ ನಡೆಯಿತು, ಮಾತುಕತೆಯೂ ನಡೆಯಿತು, ಪ್ರಾರ್ಥನೆಯೂ ನಿಲ್ಲಲಿಲ್ಲ. ತಿಂಗಳುಗಳು ಹಿಡಿದವು. ಆ ಸಿಸ್ಟರ್‌ಗೆ ಎಲೀಯನ ಕತೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು.

ಕೆಲವರು ಪಾಪನಿವೇದನೆಗೆ ಬಂದು, "ನನಗೆ ದುಃಖ ಬಿಡುತ್ತಿಲ್ಲ, ಇದು ಪಾಪ ಅಲ್ವಾ?" ಎಂದು ಕೇಳುತ್ತಾರೆ. ಅಲ್ಲ. ಮನಸ್ಸಿಗೆ ಬಂದ ಕಾಯಿಲೆ ಪಾಪವಲ್ಲ, ಮೈಗೆ ಜ್ವರ ಬಂದದ್ದು ಹೇಗೆ ಪಾಪವಲ್ಲವೋ ಹಾಗೆ. ಪಾಪನಿವೇದನೆಯಲ್ಲಿ ಪಾಪಕ್ಕೆ ಕ್ಷಮೆ ಸಿಗುತ್ತದೆ. ನೋವನ್ನು ಬಿಡಿಸಿ ಹೇಳಿಕೊಳ್ಳಲು ಬೇರೆ ಹೊತ್ತು, ಬೇರೆ ಜಾಗ ಬೇಕು. ಉದ್ದನೆಯ ಸಾಲು ಕಾಯುತ್ತಿರುವಾಗ ಅದು ಆಗುವುದಿಲ್ಲ.

"ದೇವರನ್ನು ನಂಬಿದ ಮೇಲೆ ಮಾತ್ರೆ ಯಾಕೆ?" ಎನ್ನುವವರಿಗೂ ಒಂದು ಮಾತು. ಯಾರೋ ಬೋಧಕರು ಹೇಳಿದರೆಂದು ಮಾತ್ರೆ ಎಸೆದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ಓದಿ. ವೈದ್ಯನನ್ನೂ ಭೂಮಿಯಲ್ಲಿ ಬೆಳೆಯುವ ಔಷಧವನ್ನೂ ಉಂಟುಮಾಡಿದವರು ದೇವರೇ ಎಂದು ಅಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಪ್ರಾರ್ಥನೆ ಮಾಡು, ವೈದ್ಯನಿಗೂ ಜಾಗ ಬಿಡು ಎಂಬುದು ಅದರ ಬುದ್ಧಿವಾದ.

ಗುಣವಾಗದಿದ್ದರೆ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲಾರೆ. ಗುಲಾಬಿ ಹೂವು ಹಿಡಿದ ಲಿಸ್ಯೂ ನಗರದ ಪುಟ್ಟ ತೆರೇಸಮ್ಮನವರ ಚಿತ್ರ ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿದೆ. ಅವರ ತಂದೆ ಲೂಯಿ ಮಾರ್ಟಿನ್ ಫ್ರಾನ್ಸಿನಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದವರು. ಹೆಂಡತಿ 1877ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಐದು ಹೆಣ್ಣುಮಕ್ಕಳನ್ನು ಸಾಕಿದರು. ವಯಸ್ಸಾದ ಮೇಲೆ ಮೆದುಳಿನ ಕಾಯಿಲೆಯಿಂದ ಬುದ್ಧಿ ಸ್ಥಿಮಿತ ತಪ್ಪಿತು. 1888ರಲ್ಲಿ ಮನೆಯಿಂದ ಹೇಳದೆ ಹೊರಟುಹೋಗಿ, ಕೆಲವು ದಿನಗಳ ಮೇಲೆ ಬೇರೆ ಊರಿನಲ್ಲಿ ಸಿಕ್ಕಿದರು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದರು. ಊರಿನವರು ಆಡಿಕೊಂಡರು, ಮಕ್ಕಳು ಮಠಕ್ಕೆ ಸೇರಿದ್ದರಿಂದಲೇ ತಂದೆಗೆ ಹೀಗಾಯಿತು ಅಂತ. (ಊರಿನ ಬಾಯಿ ಫ್ರಾನ್ಸಿನಲ್ಲೂ ನಮ್ಮಲ್ಲಿ ಇದ್ದ ಹಾಗೇ ಇರುತ್ತದೆ.) ಆಗ ತೆರೇಸಮ್ಮನವರಿಗೆ 16 ವರ್ಷ, ಕಾರ್ಮೆಲ್ ಮಠದ ಒಳಗಿದ್ದರು. ಎಷ್ಟು ಪ್ರಾರ್ಥಿಸಿರಬೇಕು! ತಂದೆ ಪೂರ್ತಿ ಗುಣವಾಗಲಿಲ್ಲ. 1892ರಲ್ಲಿ ಮನೆಗೆ ಕರೆತಂದು ಮಗಳು ಸೆಲೀನ್ ಆರೈಕೆ ಮಾಡಿದರು, 1894ರಲ್ಲಿ ತೀರಿಕೊಂಡರು. ಇದೇ ಲೂಯಿ ಮಾರ್ಟಿನ್‌ರನ್ನು, ಅವರ ಪತ್ನಿ ಸೆಲಿಯವರ ಜೊತೆಯಲ್ಲಿ, 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದು ಘೋಷಿಸಿದರು. ಮಾನಸಿಕ ಆಸ್ಪತ್ರೆಯ ಹಾಸಿಗೆಯಲ್ಲಿ ಮೂರು ವರ್ಷ ಕಳೆದವರು ಇಂದು ಪೀಠದ ಮೇಲಿನ ಸಂತರು. ನಿಮ್ಮ ಮನೆಯಲ್ಲಿ ಅಂಥ ಕಾಯಿಲೆಯವರಿದ್ದರೆ ಅವರನ್ನು ಒಳಕೋಣೆಯಲ್ಲಿ ಬಚ್ಚಿಡಬೇಡಿ, ನಾಚಿಕೆ ಪಡಬೇಡಿ.

ಹೋರೇಬಿನ ಗುಹೆಗೆ ಮರಳೋಣ. ಅಲ್ಲಿ ದೇವರು ಎಲೀಯನಿಗೆ, ನೀನು ಇಲ್ಲಿ ಏನು ಮಾಡುತ್ತಿದ್ದೀ ಎಂದು ಕೇಳುತ್ತಾರೆ. ಎಲೀಯ ತನ್ನ ಗೋಳನ್ನೆಲ್ಲ ಹೇಳುತ್ತಾನೆ. ಬಿರುಗಾಳಿ, ಭೂಕಂಪ, ಬೆಂಕಿ ದಾಟಿಹೋದ ಮೇಲೆ ಮೆಲುದನಿಯೊಂದು ಕೇಳಿಸುತ್ತದೆ. ದೇವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಎಲೀಯ ಅದೇ ಗೋಳನ್ನು ಒಂದಕ್ಷರ ಬಿಡದೆ ಮತ್ತೆ ಹೇಳುತ್ತಾನೆ. ನಾವಾಗಿದ್ದರೆ, "ಹೇಳಿದ್ದೇ ಹೇಳ್ತೀಯಲ್ಲ" ಎಂದು ಗದರುತ್ತಿದ್ದೆವು. ದೇವರು ಎರಡು ಸಲವೂ ಕೇಳಿಸಿಕೊಂಡರು. ಆಮೇಲೆ ಮಾಡಲು ಕೆಲಸ ಕೊಟ್ಟರು, ಒಬ್ಬನೇ ಉಳಿದಿದ್ದೇನೆ ಎಂದವನಿಗೆ ಇನ್ನೂ 7000 ಜನ ಇದ್ದಾರೆಂದು ತಿಳಿಸಿದರು. ಇಳಿದು ಹೋಗುವ ದಾರಿಯಲ್ಲಿ ಹೊಲ ಉಳುತ್ತಿದ್ದ ಎಲೀಷ ಜೊತೆಗಾರನಾಗಿ ಸಿಕ್ಕಿದ.

ನಿಮಗೂ ಒಬ್ಬ ಎಲೀಷ ಬೇಕು. ನಿಮ್ಮ ಧರ್ಮಕೇಂದ್ರದ ಗುರುಗಳು, ಸಿಸ್ಟರ್, ಅಕ್ಕ, ಗೆಳೆಯ, ಯಾರಾದರೂ ಸರಿ. ಹೇಳಿಕೊಳ್ಳಲು ಹತ್ತಿರ ಯಾರೂ ಇಲ್ಲದಿದ್ದರೆ, ಜೀವ ಬೇಡ ಎನ್ನಿಸಿದರೆ, ಬೆಳಗಾಗಲಿ ಎಂದು ಕಾಯದೆ 14416ಕ್ಕೆ ಫೋನ್ ಮಾಡಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಅಂಥ ಮಾತು ಯಾರಾದರೂ ಆಡಿದರೆ, "ನಾಟಕ" ಎನ್ನಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಇಳಿಯುವ ಮೊದಲು ಮಾತೆಯ ಸನ್ನಿಧಿಯಲ್ಲಿ ಹೀಗೆ ಪ್ರಾರ್ಥಿಸಬಹುದು:

ಪ್ರಭುವೇ, ಪ್ರಾರ್ಥನೆ ಮಾಡಲೂ ಶಕ್ತಿಯಿಲ್ಲದೆ ಬಂದಿದ್ದೇನೆ. ಗಿಡದ ಕೆಳಗೆ ಮಲಗಿದ್ದ ಎಲೀಯನನ್ನು ನೀವು ಗದರಲಿಲ್ಲ. ಈ ರಾತ್ರಿ ನನಗೆ ನಿದ್ದೆ ಕೊಡಿ. ನಾಳೆ ಬೆಳಿಗ್ಗೆ ಒಂದು ತುತ್ತು ಸೇರುವ ಹಾಗೆ ಮಾಡಿ. ನನ್ನ ಮಾತು ಎರಡು ಸಲ ಕೇಳುವ ಒಬ್ಬರನ್ನು ನನ್ನ ದಾರಿಯಲ್ಲಿ ನಿಲ್ಲಿಸಿ. ಸಂತ ಲೂಯಿ ಮಾರ್ಟಿನ್‌ರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.