ಉಟ್ಟ ಸೀರೆಯ ಬೆಲೆ

ಗೆಳತಿಯೊಬ್ಬಳು ಡಿಸೈನರ್ ಬ್ಯಾಗ್ ಕೊಂಡು ಎರಡು ವರ್ಷದಲ್ಲಿ ಮೂರೇ ಸಲ ಹಿಡಿದಿದ್ದಾಳೆ. ಮೂಲೆ ಸವೆದರೆ, ಬಿಲ್ಲು-ಡಬ್ಬಿ ಕಳೆದರೆ ರೀಸೇಲ್ ಬೆಲೆ ಬೀಳುತ್ತಂತೆ. ಲೆಕ್ಕ ಸರಿಯೇ.

ನಂಜನಗೂಡು ಹತ್ತಿರದ ನಮ್ಮೂರಲ್ಲಿ ಅವ್ವನಿಗೆ ಇದ್ದದ್ದು ಒಂದೇ ಮೈಸೂರು ಸಿಲ್ಕ್ ಸೀರೆ. ಟಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ಬಿಚ್ಚಿ, 1912ರಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯಲ್ಲಿ ನೇಯುವ ಸೀರೆ ಅದು, ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ದೊಡ್ಡಜಾತ್ರೆಯ ತೇರಿಗೂ ಉಡುತ್ತಿದ್ದಳು. ನನ್ನ ಬಿಇ ಫೀಸಿಗೆ ಕಡಿಮೆ ಬಿದ್ದಾಗ ಅದನ್ನೇ ಮಾರಲು ಹೋದಳು. ಹಳೇ ಜರಿ ಕೊಳ್ಳುವವನು, ಸುಟ್ಟರೆ ಉಳಿಯುವ ಬೆಳ್ಳಿಗಷ್ಟೇ ಬೆಲೆ ಕಟ್ಟಿದ.

"ರೇಷ್ಮೆಗೇನೂ ಇಲ್ವಾ?" ಅಂದ್ಲು ಅವ್ವ. ಇಲ್ಲ ಅಂದ. ಕೊಟ್ಟು ಬಂದ್ಲು.

ಆ ದುಡ್ಡನ್ನು ನಾನು ಹಗುರವಾಗಿ ಮಾತಾಡಲಾರೆ, ಅದರಲ್ಲಿ ಓದಿದವನು. ಆದರೂ ಅದು ಹೊರಗಿನವನು ಕಟ್ಟಿದ ಬೆಲೆ. ಅವನಿಗೆ ಬೇಕಿದ್ದದ್ದು ಬೆಳ್ಳಿ. ಬ್ಯಾಗ್ ಕೊಳ್ಳುವವರಿಗೆ ಬೇಕಾದ್ದು ಹೆಸರು, ಹೊಸತನ. ಮುಂದೆಂದೋ ಬರುವ ಆ ಗಿರಾಕಿಗಾಗಿ ಇವತ್ತಿಂದಲೇ ಕಾವಲು ಕೂತರೆ, ವಸ್ತು ನಮ್ಮದಾಗೋದು ಯಾವಾಗ?

ಬೇಜಾರಾಯ್ತಾ ಅಂತ ಅವ್ವನನ್ನು ಕೇಳಿದ್ದೆ.

"ಉಟ್ಟಾಗಿತ್ತಲ್ಲ ಮಗಾ, ಬುಡು" ಅಂದಿದ್ಲು.