ಕಟಕಟೆಯ ಎರಡೂ ಕಡೆ

ನನ್ನ ಹಾಸ್ಟೆಲಿನ ಗೆಳೆಯನೊಬ್ಬ ಎಲ್‌ಎಲ್‌.ಬಿ. ಮುಗಿಸಿ ಎಲ್‌ಎಲ್‌.ಎಂ.ಗೆ ಸೇರಿದ. ಆರಿಸಿಕೊಂಡದ್ದು ಅಪರಾಧ ಕಾನೂನು. ಸುದ್ದಿ ಕೇರಿಗೆ ಮುಟ್ಟಿದಾಗ ಅವನ ಅವ್ವ ಕೇಳಿದಳು: "ಇನ್ನೂ ಎರಡು ವರ್ಷ ಓದಿ ಏನ್ಮಾಡ್ತೀಯಪ್ಪ? ಹೊಡೆದೋರ್ನ ಬಿಡಿಸಾಕಾ?"

ಅವ್ವ ಓದಿದವಳಲ್ಲ, ಆದರೆ ಕೋರ್ಟು ಕಂಡವಳು. ಗುಡಿ ಮುಂದೆ ಚಪ್ಪಲಿ ಮೆಟ್ಟಿಕೊಂಡು ಹೋದ ಅಂತ ಅವಳ ತಮ್ಮನಿಗೆ ಊರಿನವರು ಹೊಡೆದಾಗ ಅವಳೇ ಕಣ್ಣಾರೆ ಕಂಡ ಸಾಕ್ಷಿ. ಪಾಟಿ ಸವಾಲಿನಲ್ಲಿ ಆ ಕಡೆ ವಕೀಲರು ಕೇಳಿದರು: "ಎಷ್ಟು ಅಡಿ ದೂರದಿಂದ ನೋಡಿದೆ?" "ಬೇವಿನ ಮರದಷ್ಟು ದೂರ ಸ್ವಾಮಿ." ಕೋರ್ಟು ನಕ್ಕಿತು. ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ಹತ್ತು ಅಡಿ ಅಂತಿತ್ತು. ಆ ಕಾಗದವನ್ನು ಅವಳು ಓದಿರಲಿಲ್ಲ. ಅಂಥ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಬಾರದೆಂದು ಕಾನೂನೇ ಹೇಳುತ್ತದೆ. ಆದರೂ ಅವಳನ್ನು ಸುಳ್ಳಿ ಮಾಡಲು ಅದೇ ಕಾಗದ ಸಾಕಾಯ್ತು. ಸರ್ಕಾರಿ ವಕೀಲರು ಎದ್ದು ನಿಂತು, ಆ ಮರ ಎಲ್ಲಿದೆ ತಾಯಿ ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಹೊಡೆದವರು ಹಾರ ಹಾಕಿಸಿಕೊಂಡು ಊರಿಗೆ ಬಂದರು.

ಇಂಥ ಅವ್ವಂದಿರು ಒಬ್ಬಿಬ್ಬರಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನ ತಾವಾಗಿಯೇ ಉರಿದುಹೋದರೆ?

ಈ ಸಿಟ್ಟಿನಲ್ಲಿ ನಾವು ಒಂದು ಮಾತು ಆಡಿಬಿಡುತ್ತೇವೆ: ಇಂಥವರ ಪರ ವಕೀಲರೇ ನಿಲ್ಲಬಾರದು. ನಾನೂ ಹಾಗೆ ಅಂದವನೇ. ಗೆಳೆಯರೆ, ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಯಾಕೆಂದರೆ ಜೈಲಿನ ಲೆಕ್ಕ ನೋಡಿದೆ. 2022ರ ಕೊನೆಗೆ ಈ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿಯ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ಬರೀ ವಿಚಾರಣೆಗೆ ಕಾಯುತ್ತಾ ಕೂತವರು. ಇವರು ಯಾರು? ಜಾಮೀನು ಸಿಕ್ಕರೂ ಜಾಮೀನುದಾರ ಸಿಗದವರು. ತೋರಿಸಲು ಪಹಣಿ ಇಲ್ಲದವರು. ವಾಯಿದೆ ಅಂದರೆ ಏನಂತ ಗೊತ್ತಿಲ್ಲದವರು. ಆರೋಪಿಗೆ ವಕೀಲ ಬೇಡ ಅಂದರೆ ಆ ಬಾಗಿಲು ಮೊದಲು ಬಡಿಯುವುದು ನಮ್ಮ ಮುಖಕ್ಕೇ. ಗೌಡನಿಗೆ ಹೇಗಾದರೂ ವಕೀಲ ಸಿಗುತ್ತಾನೆ.

ಬಾಬಾಸಾಹೇಬರಿಗೆ ಇದು ಗೊತ್ತಿತ್ತು. ಅವರು ಬ್ಯಾರಿಸ್ಟರು. ಬಂಧಿತನಿಗೆ ತಾನು ಒಪ್ಪಿದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕು ಈಗ ಸಂವಿಧಾನದ 22ನೇ ವಿಧಿಯಲ್ಲಿದೆ. 1949ರ ಸೆಪ್ಟೆಂಬರಿನಲ್ಲಿ ಅದನ್ನು ಸಂವಿಧಾನ ಸಭೆಯ ಮುಂದಿಟ್ಟವರು ಅವರೇ. ಆ ಹಕ್ಕಿನಲ್ಲಿ ಜಾತಿ ಕೇಳಿಲ್ಲ. ನಮಗೆ ಹೊಡೆದವನಿಗೂ ಅದು ಉಂಟು. ಕಹಿ ಮಾತು ಇದು, ಆದರೆ ನುಂಗಬೇಕು.

ಹಾಗಾದರೆ ಅನ್ಯಾಯ ಎಲ್ಲಿದೆ? ಕಸುಬು ಕಲಿಯುವ ಜಾಗದಲ್ಲಿದೆ. ಎಲ್‌ಎಲ್‌.ಎಂ.ನಲ್ಲಿ ಶಿಕ್ಷೆಯ ಸಿದ್ಧಾಂತ ಕಲಿಸುತ್ತಾರೆ, ಅಪರಾಧಶಾಸ್ತ್ರ ಕಲಿಸುತ್ತಾರೆ, ಪ್ರಬಂಧ ಬರೆಸುತ್ತಾರೆ. ಬೇಕು, ಬೇಡವೆನ್ನುವುದಿಲ್ಲ. ಆದರೆ ಮಹಜರಿನ ಸುಳ್ಳನ್ನು ಹೇಗೆ ಹಿಡಿಯಬೇಕು, ಹೆದರಿದ ಸಾಕ್ಷಿಯನ್ನು ಹೇಗೆ ಮಾತಾಡಿಸಬೇಕು ಅನ್ನುವುದನ್ನು ಹುಡುಗ ಕಲಿಯುವುದು ಸೀನಿಯರ್ ಆಫೀಸಿನಲ್ಲೇ. ವಕೀಲಿಗೆ ಮುನ್ನ ಒಂದು ವರ್ಷ ತರಬೇತಿ ಇರಲಿ ಅಂತ ಬಾರ್ ಕೌನ್ಸಿಲ್ 1995ರಲ್ಲಿ ನಿಯಮ ಮಾಡಿತು. ಅಂಥ ನಿಯಮ ಮಾಡುವ ಅಧಿಕಾರವೇ ಅದಕ್ಕಿಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಉಳಿದದ್ದು ಸೀನಿಯರ್ ಆಫೀಸಿನ ಬಾಗಿಲು. ಅದು ಯಾರಿಗೆ ಸಲೀಸಾಗಿ ತೆರೆಯುತ್ತದೆ? ಅಳಿಯನಿಗೆ, ಅಣ್ಣನ ಮಗನಿಗೆ, ನಾಲ್ಕು ವರ್ಷ ಸಂಬಳವಿಲ್ಲದೆ ಬದುಕಬಲ್ಲವನಿಗೆ.

2019ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿನಲ್ಲಿ, ಬಡ ಆರೋಪಿಗೆ ಕಾನೂನು ನೆರವಿನಿಂದ ಕೊಡುವ ವಕೀಲನಿಗೆ ಕನಿಷ್ಠ ಹತ್ತು ವರ್ಷದ ಅನುಭವ ಇರಬೇಕು. ನ್ಯಾಯವಾದ ಮಾತೇ. ಎಳೆಯ ಕೈಗೆ ಬಡವನ ಪ್ರಾಣ ಕೊಡಬಾರದು. ಆದರೆ ಆ ಹತ್ತು ವರ್ಷ ನಮ್ಮ ಹುಡುಗ ಏನು ಉಂಡು ತಾಲ್ಲೂಕು ಕೋರ್ಟಿನಲ್ಲಿ ಉಳಿಯಬೇಕು? ಈ ಪ್ರಶ್ನೆಯನ್ನು ಸರ್ಕಾರಕ್ಕೆ ಹಾಕಬೇಕಾದವರು ನಾವು. ಕಲಿಯುವ ವಕೀಲನಿಗೆ ಬದುಕುವಷ್ಟು ಭತ್ಯೆ ಬೇಕು. ಎಲ್‌ಎಲ್‌.ಎಂ. ಓದುವವನು ವಾರಕ್ಕೆರಡು ದಿನ ಜೈಲಿಗೆ, ಕೇರಿಗೆ, ಸಾಕ್ಷಿಯ ಮನೆಗೆ ಹೋಗಲೇಬೇಕು.

ಕಸುಬಿಗೆ ನೀತಿಯೂ ಬೇಕು. ಆರೋಪಿಯನ್ನು ಉಳಿಸಲು ಪ್ರಶ್ನೆ ಕೇಳುವುದು ವಕೀಲನ ಧರ್ಮ. ಅಕ್ಷರ ಬಾರದವಳನ್ನು ನಗೆಪಾಟಲು ಮಾಡಿ ಗೆಲ್ಲುವುದು ಹಳೇ ಊರ ದಬ್ಬಾಳಿಕೆಯೇ, ಕರಿಕೋಟು ಹಾಕಿಕೊಂಡು ಬಂದಿದೆ ಅಷ್ಟೆ. ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಪೀಲಿನ ದಾರಿ ಮುಂದಿದೆ. ಆದರೂ ಆ ಕಟಕಟೆಯಲ್ಲಿ ಆಡಿದ ಮಾತು ಗಾಳಿಗೆ ಹೋಗಲಿಲ್ಲ ಅನ್ನುವುದು ಸಣ್ಣ ಸಂಗತಿಯಲ್ಲ.

ಗೆಳೆಯ ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದ. ಅವಳು ಸುಮಾರು ಹೊತ್ತು ಸುಮ್ಮನಿದ್ದು ಅಂದಳು: "ಹಂಗಾದ್ರೆ ಓದಪ್ಪ. ಯಾರ ಕಡೆಗಾರ ನಿಂತ್ಕ. ಆದ್ರೆ ಮೊದ್ಲು ಬಂದು ಆ ಬೇವಿನ ಮರ ನೋಡ್ಕಂಡು ಹೋಗು. ಆಮ್ಯಾಕೆ ಎಷ್ಟು ಅಡಿ ಅಂತ ಕೇಳು."